ಪೆನ್ನಿನಂಥ ಮೀಟರಿಗೆ ಪಾಷಾಣ ಕಾಣೋದಿಲ್ಲ!

ಹೋದ ತಿಂಗಳು ಹಳೇ ಬಸ್‌ಸ್ಟ್ಯಾಂಡ್ ಹಿಂದಿನ ಕಿರಾಣಿ ಅಂಗಡಿಯೊಂದರಲ್ಲಿ ಸಂಜೆ ಹೊತ್ತಿಗೆ ಒಂದು ನಾಟಕ ನಡೆಯಿತು. ಟಿಕೀಟು ಇರಲಿಲ್ಲ. ಪ್ರೇಕ್ಷಕರು ಐದಾರು ಮಂದಿ. ಅಂಗಡಿ ಸಾವ್ಕಾರರು, ಅವರ ಹುಡುಗ, ಆರು ಗಂಟೆ ಬಸ್ಸಿಗೆ ಕಾಯುತ್ತಿದ್ದ ಇಬ್ಬರು, ಹೈಸ್ಕೂಲಿನ ವಿಜ್ಞಾನ ಮಾಸ್ತರರು ಮತ್ತು ಈ ವರದಿಗಾರ. ಪಾತ್ರಧಾರಿ ಒಬ್ಬನೇ: ಟೈ ಕಟ್ಟಿಕೊಂಡು ಬಂದಿದ್ದ, ನೀರಿನ ಫಿಲ್ಟರ್ ಮಾರುವ ಯುವಕ.

ಆತ ಎರಡು ಗಾಜಿನ ಗ್ಲಾಸು ಇಟ್ಟ. ಒಂದರಲ್ಲಿ ತನ್ನ ಫಿಲ್ಟರಿನ ನೀರು, ಇನ್ನೊಂದರಲ್ಲಿ ಸಾವ್ಕಾರರ ಬೋರ್‌ವೆಲ್ ನೀರು. ಎರಡಕ್ಕೂ ಕಬ್ಬಿಣದ ಕಡ್ಡಿಗಳಿದ್ದ ಒಂದು ಯಂತ್ರ ಇಳಿಬಿಟ್ಟು ಕರೆಂಟ್ ಕೊಟ್ಟ. ಒಂದೇ ನಿಮಿಷ! ಬೋರ್‌ವೆಲ್ ನೀರು ಕಂದಾಗಿ, ಆಮೇಲೆ ಚರಂಡಿ ನೀರಿನಂತೆ ಕಪ್ಪಾಗಿ, ಮೇಲೆ ನೊರೆ ಎದ್ದಿತು. ಫಿಲ್ಟರಿನ ನೀರು ಮಾತ್ರ ಹಂಗೇ ತಿಳಿಯಾಗಿತ್ತು.

"ನೋಡ್ರಿ ಸಾವ್ಕಾರ್ರ, ಇದನ್ನ ನೀವು, ನಿಮ್ಮ ಮೊಮ್ಮಕ್ಕಳು ದಿನಾ ಕುಡೀತೀರಿ!"

ಸಾವ್ಕಾರರ ಕೈ ಗಲ್ಲಾಪೆಟ್ಟಿಗೆ ಕಡೆ ಹೊರಟಿತ್ತು. ಅಷ್ಟರಲ್ಲಿ ಮಾಸ್ತರರು ಚಹಾ ಕಪ್ಪು ಕೆಳಗಿಟ್ಟು, "ಒಂದು ಚಿಟಿಕೆ ಉಪ್ಪು ಕೊಡ್ರಿ" ಎಂದರು. ಚೀಲದಿಂದ ತೆಗೆದ ಉಪ್ಪನ್ನು ತಿಳಿ ನೀರಿನ ಗ್ಲಾಸಿಗೇ ಹಾಕಿ, "ಈಗ ಸ್ವಿಚ್ ಒತ್ತಪ್ಪ" ಎಂದರು. ಯುವಕ ಒಲ್ಲದ ಮನಸ್ಸಿನಿಂದ ಒತ್ತಿದ. ಆ ನೀರೂ ಚರಂಡಿಯಾಯಿತು.

"ಸರ್, ನೀವು ಉಪ್ಪು ಹಾಕಿದ್ರಿ..."

"ಹೌದಪ್ಪ. ಉಪ್ಪೇ ಹಾಕಿದ್ದು, ಹೊಲಸು ಹಾಕಿಲ್ಲಲ್ಲ!"

ಸಂಗತಿ ಇಷ್ಟೇ. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ. ಕರೆಂಟ್ ಹರಿದರೆ ಕಬ್ಬಿಣದ ಕಡ್ಡಿ ಕರಗಿ ತುಕ್ಕಾಗುತ್ತದೆ. ನಾವು ಕಂಡ ಆ ಹೊಲಸು ನೀರಿನದಲ್ಲ, ಕಡ್ಡಿಯದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಯುವಕ ಚೀಲ ಕಟ್ಟುವಾಗ ಮಾಸ್ತರರು ಹೇಳಿದ ಮಾತಿಗೆ ಮಾತ್ರ ನಗು ನಿಂತುಹೋಯಿತು.

"ಇವ ತೋರಿಸಿದ್ದು ಸುಳ್ಳು ಖರೆ. ಆದ್ರ ನಿಮ್ಮ ನೀರು ಚಲೋ ಅದ ಅಂತ ನಾ ಎಲ್ಲಿ ಹೇಳೀನಿ? ಆ ಮೀಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಿರದಳ್ಳಿ ತಾಂಡಾದ ಸುದ್ದಿ ಕೇಳೀರೇನು?"

ಕೇಳಿರಲಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೆ ಕೆಮಿಸ್ಟ್ರಿ ಅಂದರೆ ಈಗಲೂ ಎದೆ ಝಲ್ ಅನ್ನುತ್ತದೆ. ಆದರೂ ಆವತ್ತಿನಿಂದ ಮಾಸ್ತರರ ಬೆನ್ನು ಹತ್ತಿ, ಸಿಕ್ಕಿದ್ದನ್ನು ಓದಿ, ತಿಳಿಯದ್ದನ್ನು ಮೂರು ಮೂರು ಸಲ ಕೇಳಿ ಬರೆದದ್ದು ಇದು.

ಚಿನ್ನದ ಮಗ್ಗುಲಲ್ಲೇ ವಿಷ

ಕಿರದಳ್ಳಿ ತಾಂಡಾ ಇರುವುದು ದೂರದ ದೇಶದಲ್ಲಿ ಅಲ್ಲ ಸ್ವಾಮಿ, ನಮ್ಮ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ. ಹತ್ತಿರದಲ್ಲೇ ಮಂಗಳೂರು ಎಂಬ ಹೆಸರಿನ ಊರು (ಕಡಲತೀರದ ಮಂಗಳೂರಲ್ಲ), ಅಲ್ಲಿ ಹಳೆಯ ಚಿನ್ನದ ಗಣಿ. ತಾಂಡಾದ ಜನಕ್ಕೆ ಮೈಮೇಲೆ ಮಳೆಹನಿ ಸಿಡಿದಂತೆ ಚುಕ್ಕೆ. ಅಂಗೈ ಅಂಗಾಲುಗಳಲ್ಲಿ ಗಟ್ಟಿ ಗಂಟು. ಇದು ನೀರಿನಲ್ಲಿನ ಆರ್ಸೆನಿಕ್‌ನ ಕೆಲಸ. ನಮ್ಮ ಹಿರಿಯರು ಪಾಷಾಣ ಅನ್ನುತ್ತಿದ್ದರಲ್ಲ, ಅದೇ ವಸ್ತು.

ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು ಇಲ್ಲಿನ ನೀರು, ಮಣ್ಣು, ಜನರ ಕೂದಲು, ಉಗುರು ಎಲ್ಲ ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಲೆಕ್ಕ ನೋಡಿ. 59 ಕೊಳವೆ ಬಾವಿಗಳ ನೀರಿನ ಪೈಕಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಮಿತಿ ಮೀರಿತ್ತು. ಮಿತಿ ಎಂದರೆ ಲೀಟರಿಗೆ 10 ಮೈಕ್ರೋಗ್ರಾಂ. ಅತಿ ಹೆಚ್ಚು ಸಿಕ್ಕಿದ್ದು 303. ಮಿತಿಯ ಮೂವತ್ತು ಪಟ್ಟು! ಕೂದಲು-ಉಗುರು ಕೊಟ್ಟ 171 ಜನರಲ್ಲಿ ಒಬ್ಬರೂ ಬಿಡದಂತೆ ಎಲ್ಲರಲ್ಲೂ ಆರ್ಸೆನಿಕ್ ಹೆಚ್ಚಾಗಿತ್ತು. ತಪಾಸಣೆಗೆ ಬಂದ 181 ಜನರಲ್ಲಿ ನೂರಕ್ಕೆ 58.6 ಮಂದಿಗೆ ಚರ್ಮದ ಮೇಲೆ ಗುರುತು ಬಿದ್ದಿತ್ತು.

ಮಣ್ಣಿನ ಕಥೆ ಬೇರೆ. 12 ಕಡೆ ಮೇಲ್ಮಣ್ಣು ತೆಗೆದರೆ, ಆರರಲ್ಲಿ ಕಿಲೋಗೆ ಎರಡು ಗ್ರಾಂ ಮೀರಿ ಆರ್ಸೆನಿಕ್. ಗಣಿಯ ಪುಡಿಮಣ್ಣು ಬಂದು ಬಿದ್ದ ಪರಿಣಾಮ ಇರಬಹುದು ಎಂದು ವಿಜ್ಞಾನಿಗಳು ಹೇಳಿದರು. ಆ ಮಣ್ಣಿನಲ್ಲೇ ಮಕ್ಕಳು ಆಡುತ್ತವೆ, ಬಾಯಿಗೆ ಕೈ ಇಟ್ಟುಕೊಳ್ಳುತ್ತವೆ.

ಗಣಿಗೂ ಪಾಷಾಣಕ್ಕೂ ಏನು ಸಂಬಂಧ? ಚಿನ್ನದ ಕಲ್ಲಿನಲ್ಲಿ ಬಹಳ ಸಲ ಚಿನ್ನದ ಜೊತೆ ಇನ್ನೊಂದು ಖನಿಜ ಕೂಡಿಕೊಂಡಿರುತ್ತದೆ. ಅದರಲ್ಲಿ ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಸೇರಿರುತ್ತವೆ. ಭೂಮಿಯ ಹೊಟ್ಟೆಯಲ್ಲಿ ಗಾಳಿ ತಾಗದೆ ಇದ್ದಷ್ಟು ದಿನ ಅದು ತೆಪ್ಪಗೆ ಇರುತ್ತದೆ. ಕಲ್ಲು ಒಡೆದು, ಅರೆದು, ಚಿನ್ನ ತೆಗೆದುಕೊಂಡು ಉಳಿದ ಪುಡಿಯನ್ನು ಬಯಲಿಗೆ ಸುರಿದರೆ ಗಾಳಿ ಮಳೆ ತಾಗಿ ಕರಗಲು ಶುರು. ಇನ್ನು ಆ ಸೀಮೆಯ ಕಲ್ಲೇ ಅಂಥದ್ದಾದರೆ ಗಣಿ ಇಲ್ಲದ ಕಡೆಯೂ ಬೋರ್‌ವೆಲ್ ಅದನ್ನು ಮೇಲೆತ್ತಿ ತರಬಹುದು. ಕಿರದಳ್ಳಿಯಲ್ಲಿ ಕಲ್ಲಿನ ಪಾಲೆಷ್ಟು, ಗಣಿಯ ಪಾಲೆಷ್ಟು ಎಂಬುದನ್ನು ಇನ್ನೂ ಅಳೆಯಬೇಕು ಎಂದು ವರದಿಯೇ ಬರೆದಿದೆ. ಚಿನ್ನ ತಗೊಂಡವರು ತಗೊಂಡು ಹೋದರು, ಪುಡಿ ತಾಂಡಾದವರ ಪಾಲಿಗೆ ಉಳಿಯಿತು. ಇದು ನನ್ನ ಮಾತು, ವಿಜ್ಞಾನಿಗಳದ್ದಲ್ಲ.

ತೊಲದ ಲೆಕ್ಕ

ಮೈಕ್ರೋಗ್ರಾಂ ಅಂದರೆ ಅಂಗಡಿಯವರಿಗೆ ಏನು ತಿಳಿದೀತು? ನನಗೂ ತಿಳಿಯಲಿಲ್ಲ. ಮಾಸ್ತರರು ತೊಲದಲ್ಲಿ ಲೆಕ್ಕ ಹಾಕಿಸಿದರು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಇದೆಯಲ್ಲ, ಅಂಥ 116 ಟ್ಯಾಂಕರ್ ನೀರಿಗೆ ಒಂದೇ ಒಂದು ತೊಲ ಆರ್ಸೆನಿಕ್ ಬೆರೆಸಿದರೆ ಅದು ಲೀಟರಿಗೆ 10 ಮೈಕ್ರೋಗ್ರಾಂ. ಅದಕ್ಕಿಂತ ಹೆಚ್ಚಾದರೆ ಕುಡಿಯಲು ಲಾಯಕ್ಕಿಲ್ಲ. ಕಿರದಳ್ಳಿಯ ಆ 303ರ ಬಾವಿಯಲ್ಲಿ ನಾಲ್ಕು ಟ್ಯಾಂಕರ್ ತುಂಬುವ ಮೊದಲೇ ಒಂದು ತೊಲ ವಿಷ ಹೋಗಿರುತ್ತದೆ.

ಈಗ ಮೀಟರಿನ ವಿಷಯ. ಫಿಲ್ಟರ್ ಮಾರುವವರು ಪೆನ್ನಿನಂಥ ಒಂದು ಮೀಟರನ್ನು ನೀರಿಗೆ ಅದ್ದುತ್ತಾರಲ್ಲ, ಟಿಡಿಎಸ್ ಮೀಟರು, ಅದು ನೀರಿನಲ್ಲಿ ಕರೆಂಟ್ ಎಷ್ಟು ಸರಾಗ ಹರಿಯುತ್ತದೆ ಎಂದು ನೋಡಿ ಒಟ್ಟು ಲವಣ ಅಂದಾಜು ಮಾಡುತ್ತದೆ. ಅದರ ಒಂದು ಅಂಕಿ ಎಂದರೆ ಲೀಟರಿಗೆ ಒಂದು ಮಿಲಿಗ್ರಾಂ. ಕಿರದಳ್ಳಿಯ 303 ಮೈಕ್ರೋಗ್ರಾಂ ಒಂದು ಮಿಲಿಗ್ರಾಂನ ಮೂರನೇ ಒಂದು ಪಾಲೂ ಅಲ್ಲ. ಮೀಟರು ಕದಲುವುದೇ ಇಲ್ಲ. ಗೋಣಿಚೀಲ ತೂಗುವ ತಕ್ಕಡಿಯಲ್ಲಿ ಮೂಗುತಿ ಇಟ್ಟಹಾಗೆ. ಟಿಡಿಎಸ್ 900 ಇದ್ದ ನೀರಿನಲ್ಲಿ ಒಂದು ಚೂರೂ ಪಾಷಾಣ ಇಲ್ಲದಿರಬಹುದು. 200 ಇದ್ದ ಸಿಹಿನೀರಿನಲ್ಲಿ ಇರಬಹುದು.

ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ವಿಷ ಉಳಿದ ನೀರಿನಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಇನ್ನೊಂದು ಫಜೀತಿ: ಇಂದು ಕುಡಿದರೆ ನಾಳೆ ವಾಂತಿ ಭೇದಿ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಚುಕ್ಕೆ, ಗಂಟು. ಇನ್ನೂ ಮುಂದೆ ಕೆಲವರಿಗೆ ಕ್ಯಾನ್ಸರ್. ಹಾಗಾಗಿ ಯಾರಿಗೂ ನೀರಿನ ಮೇಲೆ ಸಂಶಯವೇ ಬರುವುದಿಲ್ಲ.

ಬಾಟಲಿ ಹಿಡಿದು ಊರೂರು

ಚಕ್ರವರ್ತಿಯವರ ಬಗ್ಗೆ ಎರಡು ಮಾತು ಹೇಳಲೇಬೇಕು. ಪಶ್ಚಿಮ ಬಂಗಾಳದಲ್ಲಿ 1983ರಲ್ಲಿ ಕೆ.ಸಿ. ಸಾಹಾ ಎಂಬ ಚರ್ಮವೈದ್ಯರು ಕೋಲ್ಕತ್ತದ ಉಷ್ಣವಲಯ ವೈದ್ಯಶಾಲೆಯಲ್ಲಿ ಹಳ್ಳಿಯಿಂದ ಬಂದ ರೋಗಿಗಳ ಚುಕ್ಕೆ ನೋಡಿ ಇದು ಆರ್ಸೆನಿಕ್ ಎಂದು ಗುರುತಿಸಿದರು. 1988ರಿಂದ ಚಕ್ರವರ್ತಿಯವರು ಅದರ ಹಿಂದೆ ಬಿದ್ದರು. ಹಳ್ಳಿ ಹಳ್ಳಿ ತಿರುಗಿ ನೀರಿನ ಬಾಟಲಿ ತುಂಬಿಸಿಕೊಂಡು ಬಂದು ಲ್ಯಾಬಿನಲ್ಲಿ ಅಳೆಯುವುದು. 20 ವರ್ಷದ ಲೆಕ್ಕವನ್ನು ಅವರ ತಂಡ 2009ರಲ್ಲಿ ಪ್ರಕಟಿಸಿದಾಗ ಬಾಟಲಿಗಳ ಸಂಖ್ಯೆ 1,40,150 ಆಗಿತ್ತು. ಅದರಲ್ಲಿ ನೂರಕ್ಕೆ 48ರಲ್ಲಿ ಆರ್ಸೆನಿಕ್ 10ರ ಮಿತಿ ದಾಟಿತ್ತು.

ಬಂಗಾಳದಲ್ಲಿ ವಿಷ ಗಣಿಯಿಂದ ಬಂದದ್ದಲ್ಲ. ಹಿಮಾಲಯದಿಂದ ನದಿಗಳು ತಂದು ಹಾಸಿದ ಮಣ್ಣಿನ ಕಣಗಳಿಗೆ ತುಕ್ಕಿನ ಲೇಪ ಇರುತ್ತದೆ, ಆ ತುಕ್ಕಿಗೆ ಆರ್ಸೆನಿಕ್ ಅಂಟಿಕೊಂಡಿರುತ್ತದೆ. ನೆಲದಾಳದಲ್ಲಿ ಗಾಳಿ ಇಲ್ಲದೆ ತುಕ್ಕು ಕರಗಿದರೆ ಅದೂ ನೀರಿಗೆ ಬಿಡುಗಡೆ. ಬೇಸರದ ಸಂಗತಿ ಎಂದರೆ ಕೆರೆ-ಹೊಂಡದ ನೀರು ಕುಡಿದು ಕಾಲರಾ, ಭೇದಿಗೆ ಮಕ್ಕಳು ಸಾಯುತ್ತಾರೆಂದು ಅಲ್ಲಿ ಲಕ್ಷಗಟ್ಟಲೆ ಕೊಳವೆ ಬಾವಿ ತೋಡಿಸಿದ್ದರು. ಒಳ್ಳೆಯದಕ್ಕೇ ಮಾಡಿದ ಕೆಲಸ. ಆದರೆ ನೀರಿನಲ್ಲಿ ಆರ್ಸೆನಿಕ್ ಇದೆಯೇ ಅಂತ ನೋಡುವ ರೂಢಿಯೇ ಆಗ ಇರಲಿಲ್ಲ. ಬಾಂಗ್ಲಾದೇಶದಲ್ಲಿ ಕೊನೆಗೆ ಹ್ಯಾಂಡ್‌ಪಂಪುಗಳ ಮೂತಿಗೆ ಬಣ್ಣ ಬಳಿದರು: ವಿಷವಿದ್ದದ್ದಕ್ಕೆ ಕೆಂಪು, ಇಲ್ಲದ್ದಕ್ಕೆ ಹಸಿರು. ಚುಕ್ಕೆ ಬಿದ್ದ ಹೆಣ್ಣುಮಕ್ಕಳಿಗೆ ಮದುವೆ ತಪ್ಪಿತು, ಕುಷ್ಠ ಅಂತ ತಿಳಿದು ದೂರ ಇಟ್ಟವರೂ ಇದ್ದರು.

ಸರಕಾರಗಳು ಮೊದಮೊದಲು ಕಿವಿಗೆ ಹಾಕಿಕೊಳ್ಳಲಿಲ್ಲ. ಚಕ್ರವರ್ತಿಯವರು 1995ರಲ್ಲಿ ಕೋಲ್ಕತ್ತದಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನ ಕರೆದು, ಹೊರದೇಶದ ತಜ್ಞರನ್ನು ಹಳ್ಳಿಗೇ ಒಯ್ದು ರೋಗಿಗಳ ಮುಂದೆ ನಿಲ್ಲಿಸಿದರು. 2018ರಲ್ಲಿ ಅವರು ತೀರಿಕೊಂಡರು. ನಮ್ಮ ಕಡೆ ಅವರ ಹೆಸರು ಬಲ್ಲವರು ಬೆರಳೆಣಿಕೆಯ ಮಂದಿ.

ಅಳೆಯುವುದು ಹೇಗೆ?

ಕೇಳಲು ಮಜಾ ಇದೆ. ನೀರಿಗೆ ಆಸಿಡ್ ಮತ್ತು ಒಂದು ರಾಸಾಯನಿಕ ಪುಡಿಯ ದ್ರಾವಣ ಸೇರಿಸಿದರೆ ಆರ್ಸೆನಿಕ್ ಗಾಳಿಯ ರೂಪ ತಾಳಿ ನೀರು ಬಿಟ್ಟು ಏಳುತ್ತದೆ. ಆ ಗಾಳಿಯನ್ನು ಕಾದ ಗಾಜಿನಂಥ ಕೊಳವೆಯೊಳಕ್ಕೆ ಬಿಟ್ಟು ಒಂದು ತುದಿಯಿಂದ ವಿಶೇಷ ದೀಪದ ಬೆಳಕು ಹಾಯಿಸುತ್ತಾರೆ. ಆರ್ಸೆನಿಕ್ ಮಾತ್ರ ನುಂಗುವ ಬೆಳಕು ಅದು. ಇನ್ನೊಂದು ತುದಿಗೆ ಬೆಳಕು ಎಷ್ಟು ಕಡಿಮೆ ಮುಟ್ಟಿತೋ ಅಷ್ಟು ವಿಷ. ಮೆಣಸಿನಕಾಯಿ ಗೋದಾಮಿನಲ್ಲಿ ಧೂಳು ಎದ್ದಾಗ ಆಚೆ ತುದಿಯ ಬಲ್ಬು ಮಂಕಾಗುವುದಿಲ್ಲವೇ, ಹಾಗೆ.

ಹಳ್ಳಿಯಲ್ಲೇ ಮಾಡುವ ಕಿಟ್ ಕೂಡ ಇದೆ. ಅದೇ ಗಾಳಿಯನ್ನು ಒಂದು ಕಾಗದದ ಪಟ್ಟಿಗೆ ತಾಗಿಸಿದರೆ ಪಟ್ಟಿ ಹಳದಿಯಾಗುತ್ತದೆ, ಹೆಚ್ಚಿದ್ದರೆ ಕಂದು. ಆದರೆ ಪಂಚಾಯಿತಿಗಳಲ್ಲಿ ಇರುವ ಸಾಮಾನ್ಯ ನೀರು ಪರೀಕ್ಷೆ ಕಿಟ್‌ನಲ್ಲಿ ಈ ಪಟ್ಟಿ ಇರಲೇಬೇಕೆಂದಿಲ್ಲ. ಗಡಸುತನ, ಕ್ಲೋರೈಡು, ಫ್ಲೋರೈಡು, ನೈಟ್ರೇಟು ನೋಡಿ "ಎಲ್ಲಾ ಸರಿ ಅದ" ಅಂದರೆ ಆರ್ಸೆನಿಕ್ ನೋಡಿದರು ಅಂತ ಅರ್ಥ ಅಲ್ಲ.

ಕೂದಲು ಉಗುರು ಯಾಕೆ ತಗೊಂಡರು ಅಂತ ಕೆಲವರು ಕೇಳಬಹುದು. ಮೈಗೆ ಹೋದ ಆರ್ಸೆನಿಕ್ ಬಹುಪಾಲು ಮೂತ್ರದಲ್ಲಿ ಕೆಲವೇ ದಿನಕ್ಕೆ ಹೋಗಿಬಿಡುತ್ತದೆ. ಸ್ವಲ್ಪ ಭಾಗ ಬೆಳೆಯುವ ಉಗುರು ಕೂದಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಹಿಂದಿನ ತಿಂಗಳುಗಳ ಉದ್ರಿ ಖಾತೆ ಇದ್ದಂತೆ ಅದು. ಮನುಷ್ಯ ಮರೆತರೂ ಉಗುರು ಮರೆಯುವುದಿಲ್ಲ.

ಆ ಕಂದು ಹೊಲಸೇ ಔಷಧ!

ಇನ್ನು ತೆಗೆಯುವ ಮಾತು. ಇಲ್ಲಿ ನನಗೆ ಭಾರಿ ಆಶ್ಚರ್ಯ ಕಾದಿತ್ತು. ಫಿಲ್ಟರ್ ಯುವಕ ನಮ್ಮನ್ನು ಹೆದರಿಸಲು ತೋರಿಸಿದ ಆ ಕಬ್ಬಿಣದ ತುಕ್ಕು ಇದೆಯಲ್ಲ, ಆರ್ಸೆನಿಕ್ ಹಿಡಿಯಲು ಅದರಂಥ ಬಲೆ ಮತ್ತೊಂದಿಲ್ಲ. ಬಂಗಾಳದಲ್ಲಿ ತುಕ್ಕು ಕರಗಿ ವಿಷ ಬಿಟ್ಟಿತು ಅಂದೆನಲ್ಲ, ಅದನ್ನೇ ಉಲ್ಟಾ ಮಾಡುವುದು. ನೀರಿನಲ್ಲಿ ಹೊಸ ತುಕ್ಕು ಹುಟ್ಟಿಸಿದರೆ ಆರ್ಸೆನಿಕ್ ಅದಕ್ಕೆ ಅಂಟಿ ತಳಕ್ಕೆ ಕೂರುತ್ತದೆ.

ಅಮೆರಿಕದ ಬರ್ಕ್‌ಲಿಯಲ್ಲಿರುವ ಭಾರತೀಯ ಮೂಲದ ವಿಜ್ಞಾನಿ ಅಶೋಕ್ ಗಾಡ್ಗೀಳ್ ಮತ್ತು ಅವರ ತಂಡ ಇದನ್ನೇ ಮಾಡಿದೆ. ನೀರಿನಲ್ಲಿ ಉಕ್ಕಿನ ತಗಡು ಇಳಿಬಿಟ್ಟು ಸಣ್ಣ ಕರೆಂಟ್ ಹಾಯಿಸುವುದು. ನಮ್ಮ ಕಿರಾಣಿ ಅಂಗಡಿಯ ನಾಟಕದ್ದೇ ಯಂತ್ರ, ಉದ್ದೇಶ ಮಾತ್ರ ಬೇರೆ. ಪಶ್ಚಿಮ ಬಂಗಾಳದ ಧಪಧಪಿ ಎಂಬ ಊರಿನ ಶಾಲೆಯಲ್ಲಿ ದಿನಕ್ಕೆ 10,000 ಲೀಟರಿನ ಘಟಕವನ್ನು 2016ರಲ್ಲಿ ಶುರು ಮಾಡಿದರು.

ಬಾಂಗ್ಲಾದೇಶದ ಕುಷ್ಟಿಯಾದಿಂದ ಹೋಗಿ ಅಮೆರಿಕದಲ್ಲಿ ಪ್ರೊಫೆಸರ್ ಆದ ಅಬುಲ್ ಹುಸ್ಸಾಮ್ ಅವರದು ಇನ್ನೂ ಸರಳ. ಎರಡು ಬಕೆಟ್, ಮರಳು, ಇದ್ದಿಲು, ಇಟ್ಟಿಗೆ ಚೂರು, ನಡುವೆ ಕಬ್ಬಿಣದ ತುರಿಯ ಒಂದು ಪದರ. ಲೇತ್ ಅಂಗಡಿಯಲ್ಲಿ ಉದುರುತ್ತದಲ್ಲ, ಅಂಥದ್ದೇ ತುರಿಯನ್ನು ಸಂಸ್ಕರಿಸಿ ಮಾಡಿದ್ದು. ಕರೆಂಟ್ ಬೇಡ. ಈ 'ಸೋನೊ' ಫಿಲ್ಟರಿಗೆ 2007ರಲ್ಲಿ ಅಮೆರಿಕದಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಬಂತು. ಬಹುಪಾಲು ಹಣವನ್ನು ಅವರು ಫಿಲ್ಟರ್ ಹಂಚಲಿಕ್ಕೇ ಇಟ್ಟರು.

ನಮ್ಮ ಪಕ್ಕದ ಮದ್ರಾಸ್ ಐಐಟಿಯ ಟಿ. ಪ್ರದೀಪ್ ಅವರು ಕಬ್ಬಿಣದ ಆ ತುಕ್ಕನ್ನೇ ಅತಿ ಸಣ್ಣ ಕಣ ಮಾಡಿ, ಸಿಗಡಿ-ಏಡಿ ಚಿಪ್ಪಿನಿಂದ ಬರುವ ಒಂದು ವಸ್ತುವಿನಲ್ಲಿ ಹುದುಗಿಸಿ ಹರಳು ಮಾಡಿದರು. ನೀರು ಆ ಹರಳಿನ ಮೂಲಕ ಹರಿದರೆ ಸಾಕು. 'ಅಮೃತ್' ಎಂದು ಹೆಸರು. 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಒಂದು ತೊಡಕು ಇದೆ. ಆರ್ಸೆನಿಕ್‌ಗೆ ನೀರಿನಲ್ಲಿ ಎರಡು ವೇಷ. ಒಂದು ವೇಷದಲ್ಲಿ ಅದಕ್ಕೆ ವಿದ್ಯುತ್ ಆವೇಶ ಇರುತ್ತದೆ, ತುಕ್ಕಿಗೆ ತಟ್ಟನೆ ಅಂಟುತ್ತದೆ, ಆರ್‌ಒ ಪರದೆಯಲ್ಲೂ ಸಿಕ್ಕಿಬೀಳುತ್ತದೆ. ಇನ್ನೊಂದರಲ್ಲಿ ಆವೇಶವೇ ಇಲ್ಲ, ಸದ್ದಿಲ್ಲದೆ ನುಸುಳುತ್ತದೆ. ಆರ್‌ಒ ಕೂಡ ಇದನ್ನು ಅಷ್ಟು ಚೆನ್ನಾಗಿ ತಡೆಯುವುದಿಲ್ಲ. ಆದ್ದರಿಂದ ಮೊದಲು ಬ್ಲೀಚಿಂಗ್ ಪೌಡರ್‌ನಂಥದ್ದು ಹಾಕಿ ಎರಡನೇ ವೇಷವನ್ನು ಮೊದಲನೆಯದಕ್ಕೆ ತಿರುಗಿಸಬೇಕು. ಆಮೇಲೆ ಬಲೆ ಬೀಸಬೇಕು.

ಯಂತ್ರ ಇಟ್ಟವರು, ತೊಳೆಯದವರು

ಬಲೆ ಇದ್ದರೆ ಸಾಕೇ? ಬಂಗಾಳದಲ್ಲಿ ಹ್ಯಾಂಡ್‌ಪಂಪುಗಳಿಗೆ ಆರ್ಸೆನಿಕ್ ತೆಗೆಯುವ ಘಟಕ ಕೂರಿಸುವ ಯೋಜನೆ ದೊಡ್ಡದಾಗಿ ನಡೆಯಿತು. ದೇಶ ವಿದೇಶದ ಕಂಪನಿಗಳು ಬಂದವು. ಚಕ್ರವರ್ತಿಯವರ ತಂಡ ಬರುಯಿಪುರದ ಕಡೆಯ ಘಟಕಗಳ ನೀರನ್ನು ಎರಡು ವರ್ಷ ಬಿಡದೆ ಅಳೆದು 2005ರಲ್ಲಿ ವರದಿ ಕೊಟ್ಟಿತು. 10ರ ಮಿತಿಯೊಳಗೆ ಎಲ್ಲ ಕಾಲಕ್ಕೂ ನೀರು ಕೊಟ್ಟ ಘಟಕ ಒಂದೂ ಇರಲಿಲ್ಲ!

ರಸಾಯನಶಾಸ್ತ್ರ ಸುಳ್ಳಾಯಿತೇ? ಇಲ್ಲ. ಬಲೆ ತುಂಬಿದ ಮೇಲೆ ಬದಲಿಸಬೇಕು. ನೀರಿನ ಕೆಸರಿನಿಂದ ಕಟ್ಟಿಕೊಂಡರೆ ತಿರುಗಾಮುರುಗಾ ನೀರು ಹಾಯಿಸಿ ತೊಳೆಯಬೇಕು. ತೊಳೆದ ಕೆಸರಿನಲ್ಲಿ ಅಷ್ಟೂ ವಿಷ ಕೂಡಿರುತ್ತದೆ, ಅದನ್ನು ಕೆರೆಗೋ ಚರಂಡಿಗೋ ಸುರಿಯಬಾರದು. ಇದಕ್ಕೆ ಒಬ್ಬ ಮನುಷ್ಯ ಬೇಕು, ಅವನಿಗೆ ಪಗಾರ ಬೇಕು. ಯಂತ್ರಕ್ಕೆ ರಿಬ್ಬನ್ ಕತ್ತರಿಸುವವರು ಸಿಗುತ್ತಾರೆ. ತೊಳೆಯುವವನ ಪಗಾರಕ್ಕೆ ಟೆಂಡರ್ ಕರೆದದ್ದು ಈ ವರದಿಗಾರ ಕಂಡಿಲ್ಲ.

ನಮ್ಮ ಊರೂರುಗಳ ಶುದ್ಧ ಕುಡಿಯುವ ನೀರಿನ ಘಟಕಗಳನ್ನೇ ನೋಡಿ. ನಾಣ್ಯ ಹಾಕಿದರೆ ಕೊಡ ತುಂಬುತ್ತದೆ, ಸಂತೋಷ. ಪರದೆ ಹೊರಗೆ ತಳ್ಳಿದ ನೀರು ಎಲ್ಲಿಗೆ ಹೋಗುತ್ತದೆ? ಬಹಳ ಕಡೆ ಹಿಂದಿನ ಗಟಾರಕ್ಕೆ. ಒಳಗೆ ಇದ್ದದ್ದೆಲ್ಲ ಅದರಲ್ಲಿ ಇನ್ನೂ ದಪ್ಪಗೆ ಇರುತ್ತದೆ, ಎಮ್ಮೆ ದನ ಕುಡಿಯುತ್ತವೆ. ಪರದೆ ಕೊನೆಯ ಸಲ ಬದಲಿಸಿದ್ದು ಯಾವಾಗ ಅಂತ ಕೇಳಿ ನೋಡಿ. ನಾನು ಮೂರು ಕಡೆ ಕೇಳಿದೆ. ಇಬ್ಬರು ನಕ್ಕರು, ಒಬ್ಬ ಬೋರ್ಡಿನಲ್ಲಿದ್ದ ಫೋನ್ ನಂಬರ್ ತೋರಿಸಿದ. ಆ ನಂಬರ್ ಹತ್ತಲಿಲ್ಲ.

ಸಾವ್ಕಾರರ ಬಾಟಲಿ

ನಮ್ಮ ಊರಿನ ನೀರಿನಲ್ಲಿ ಪಾಷಾಣ ಇದೆ ಅಂತ ಈ ವರದಿಗಾರ ಹೇಳುತ್ತಿಲ್ಲ. ಇಲ್ಲ ಅಂತಲೂ ಹೇಳುತ್ತಿಲ್ಲ. ನಮ್ಮ ಸಾವ್ಕಾರರು ಒಂದು ಕೆಲಸ ಮಾಡಿದರು. ಫಿಲ್ಟರಿಗೆ ಇಟ್ಟಿದ್ದ ದುಡ್ಡು ಪೆಟ್ಟಿಗೆಯಲ್ಲೇ ಬಿಟ್ಟು ಬೋರ್‌ವೆಲ್ ನೀರು ಒಂದು ಬಾಟಲಿ ತುಂಬಿ ನೀರು ಪರೀಕ್ಷೆಯ ಲ್ಯಾಬಿಗೆ ಕಳಿಸಿದರು. ವಾರದ ಮೇಲೆ ರಿಪೋರ್ಟ್ ಬಂತು. ಗಡಸುತನ ಜಾಸ್ತಿ, ಫ್ಲೋರೈಡು ಅಂಚಿನಲ್ಲಿ, ಉಳಿದದ್ದು ಅಡ್ಡಿಯಿಲ್ಲ. ಕೆಳಗೆ ಆರ್ಸೆನಿಕ್ ಅಂತ ಒಂದು ಸಾಲು. ಅದರ ಮುಂದೆ ಅಂಕಿ ಇಲ್ಲ, ಒಂದು ಗೆರೆ ಎಳೆದಿದ್ದರು.

"ಗೆರಿ ಅಂದ್ರ ಇಲ್ಲ ಅಂತ ಏನ್ರಿ?" ಸಾವ್ಕಾರರು ಮಾಸ್ತರರನ್ನು ಕೇಳಿದರು.

"ಗೆರಿ ಅಂದ್ರ ನೋಡಿಲ್ಲ ಅಂತ."

ಫೋನ್ ಮಾಡಿದರೆ ಲ್ಯಾಬಿನವರು ಸಿಟ್ಟಾಗಲಿಲ್ಲ, ಸೀದಾ ಹೇಳಿದರು: ಅದಕ್ಕೆ ಬೇರೆ ಬಾಟಲಿ ಬೇಕು, ಅದರಲ್ಲಿ ಮೊದಲೇ ಎರಡು ಹನಿ ಆಸಿಡ್ ಹಾಕಿರಬೇಕು. ಇಲ್ಲದಿದ್ದರೆ ದಾರಿಯಲ್ಲೇ ಕಬ್ಬಿಣ ತಳಕ್ಕೆ ಕೂತು ಆರ್ಸೆನಿಕ್‌ನ್ನೂ ಜೊತೆಗೆ ಎಳೆದುಕೊಳ್ಳುತ್ತದೆ, ನಿಮಗೆ ಸುಳ್ಳು ಅಂಕಿ ಸಿಗುತ್ತದೆ. ಆಮೇಲೆ, ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಮಾಡುವುದಿಲ್ಲ.

ಎರಡನೇ ಬಾಟಲಿಯನ್ನು ಮಾಸ್ತರರೇ ಲ್ಯಾಬಿನಿಂದ ತಂದುಕೊಟ್ಟರು. ಸಾವ್ಕಾರರು ಹತ್ತು ನಿಮಿಷ ಬೋರ್ ಓಡಿಸಿ ನೀರು ತುಂಬಿದರು. ಬೆಲ್ಲದ ಪೆಂಟೆಯ ಮೇಲೆ ದರ ಬರೆಯುವ ದಪ್ಪ ಪೆನ್ನಿನಿಂದ ಚೀಟಿಯ ಮೇಲೆ 'ಆರ್ಸೆನಿಕ್' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಬಾಟಲಿಗೆ ರಬ್ಬರ್ ಸುತ್ತಿದರು. ಸೋಮವಾರ ಬೆಳಗಿನ ಬಸ್ಸಿಗೆ ಅದು ಹೋಗಿದೆ.